ಕಸ್ಟಮ್ ಹಾರ್ಪ್ ಗಿಟಾರ್ ರಿವ್ಯೂ: ಮೀಟೋದು ಸುಲಭ, ಸುಮ್ಮನಿರ್ಸೋದೇ ಕಷ್ಟ

ನೋಡಿದವರೆಲ್ಲ ಫಸ್ಟು ಕೇಳೋದು ಇದು ಡಬಲ್ ನೆಕ್ ಗಿಟಾರಾ ಅಂತ. ಅಲ್ಲ. ಮಾಮೂಲಿ ಆರು ತಂತಿ ಗಿಟಾರ್ ಹಾಗೇ ಇರತ್ತೆ, ಅದರ ಮೇಲ್ಗಡೆ ಫ್ರೆಟ್ಟೇ (ನೆಕ್ ಮೇಲಿನ ಲೋಹದ ಪಟ್ಟಿ) ಇಲ್ಲದ ಉದ್ದನೆ ದಪ್ಪ ಬೇಸ್ ತಂತಿಗಳು ಬೇರೆ, ಅವನ್ನ ಎಡಗೈಲಿ ಒತ್ತೋ ಹಾಗಿಲ್ಲ, ಬಲಗೈ ಹೆಬ್ಬೆರಳಲ್ಲಿ ಮೀಟೋದಷ್ಟೇ. ನಂದರಲ್ಲಿ ಅಂಥವು 5, ಒಟ್ಟು 11 ತಂತಿ. ಬಾಡಿಯಿಂದಲೇ ಒಂದು ಟೊಳ್ಳು ತೋಳು ಹೊರಟು ನೆಕ್ ಪಕ್ಕದಲ್ಲಿ ಬಾಗಿ ನಿಂತಿರತ್ತೆ, ಅದರ ತುದಿಲಿ ಈ ಐದರ ಬಿರಡೆಗಳು. ಗಿಟಾರ್ ನುಡಿಸೋ ಫ್ರೆಂಡ್ಸು ತಗೋಬಹುದಾ ಬೇಡ್ವಾ ಅಂತ ಕೇಳ್ತಾನೇ ಇರ್ತಾರೆ, ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಒಟ್ಟಿಗೇ ಬರೀತಿದ್ದೀನಿ.

ನಾನಿರೋದು ಅಮೆರಿಕಾದ ಮಿನ್ನೆಸೋಟಾದಲ್ಲಿ, ಸೇಂಟ್ ಪಾಲ್‌ನಲ್ಲಿ. ಈ ವಾದ್ಯದ ಹುಚ್ಚು ಇರೋರಿಗೆ ನಮ್ಮೂರಿನ ಹೆಸರು ಚೆನ್ನಾಗೇ ಗೊತ್ತು, ಯಾಕಂದ್ರೆ ನೂರು ವರ್ಷದ ಹಿಂದೆ ಡೈಯರ್ ಅನ್ನೋ ಕಂಪನಿಯೋರು ಹಾರ್ಪ್ ಗಿಟಾರ್ ಮಾರ್ತಿದ್ದಿದ್ದು ಇಲ್ಲಿಂದಲೇ. ಮಾಡ್ಕೊಡ್ತಿದ್ದೋರು ಶಿಕಾಗೋದಲ್ಲಿದ್ದ ಲಾರ್ಸನ್ ಅಣ್ಣತಮ್ಮಂದಿರು. ಟೊಳ್ಳು ತೋಳಿನ ಐಡಿಯಾ ಅವರದ್ದಲ್ಲ, ವಾಷಿಂಗ್ಟನ್ ರಾಜ್ಯದ ಪೋರ್ಟ್ ಟೌನ್ಸೆಂಡ್‌ನಲ್ಲಿದ್ದ ಕ್ರಿಸ್ ಕ್ನೂಟ್ಸನ್‌ದು, 1898ರಲ್ಲೇ ಪೇಟೆಂಟ್ ತಗೊಂಡಿದ್ದ. ಆಮೇಲೆ ಬಹಳ ವರ್ಷ ಜನ ಇದನ್ನ ಮರ್ತೇಬಿಟ್ಟಿದ್ರು, ಅಮೆರಿಕಾದ ಗಿಟಾರಿಸ್ಟ್ ಮೈಕಲ್ ಹೆಡ್ಜಸ್ ಒಂದು ಹಳೇ ಡೈಯರ್ ಎತ್ಕೊಂಡು ಸ್ಟೇಜ್ ಹತ್ತಿದ್ಮೇಲೆ ಮತ್ತೆ ಶುರುವಾಯ್ತು ಕ್ರೇಜು. 1997ರಲ್ಲಿ ಕಾರ್ ಆಕ್ಸಿಡೆಂಟಲ್ಲಿ ಹೋಗ್ಬಿಟ್ರು ಪಾಪ. ಹಳೇ ಡೈಯರ್ ಈಗ ಕಲೆಕ್ಟರ್‌ಗಳ ಐಟಮ್ಮು, ಸಿಕ್ಕಿದ್ರೂ ನಮ್ಮಂಥೋರ ಕೈಗೆಟುಕಲ್ಲ, ರಿಪೇರಿ ಖರ್ಚು ಬೇರೆ. ಅದಕ್ಕೇ ಅದೇ ನಮೂನೆದು ಹೊಸದಾಗಿ ಮಾಡಿಸ್ದೆ, ಬೇರೆ ರಾಜ್ಯದ ಒಬ್ಬ ಲೂಥಿಯರ್ (ಗಿಟಾರ್ ಮಾಡೋ ಕುಶಲಕರ್ಮಿ) ಹತ್ರ. ಕೇಸು ಎಲ್ಲಾ ಸೇರಿ 9 ಸಾವಿರ ಡಾಲರ್ ಆಸುಪಾಸು ಬಂತು. ಹೆಂಡ್ತಿಗೆ ನಿಜವಾದ ರೇಟ್ ಹೇಳಿದ್ದೀನಿ, ಅಮ್ಮಂಗೆ ಹೇಳಿಲ್ಲ.

ಕಸ್ಟಮ್ ಮಾಡಿಸೋದ್ರಲ್ಲಿ ನಿಜವಾದ ಲಾಭ ಅಂದ್ರೆ ಅಳತೆ. ಮರಕ್ಕೆ ಕೈ ಹಚ್ಚೋಕೆ ಮುಂಚೆ ಆ ಮನುಷ್ಯ ರಟ್ಟಲ್ಲಿ ಫುಲ್ ಸೈಜಿನ ಆಕಾರ ಕತ್ತರಿಸಿ, ಮೇಲೆ ಹನ್ನೊಂದು ತಂತಿನೂ ಗೆರೆ ಎಳ್ದು ಅಂಚೆಲಿ ಕಳ್ಸಿದ್ರು. ಅದನ್ನ ತೊಡೆ ಮೇಲಿಟ್ಕೊಂಡು ಬೆರಳು ಆಡಿಸಿದ್ರೆ ಗೊತ್ತಾಯ್ತು, ನನ್ನ ಹೆಬ್ಬೆರಳು ನಾಕನೇ ಬೇಸ್ ತಂತಿವರೆಗೆ ಆರಾಮಾಗಿ ಹೋಗತ್ತೆ, ಐದನೇದಕ್ಕೆ ಇಡೀ ಮುಂಗೈನೇ ಎತ್ತಬೇಕು. ಬೇಸ್ ತಂತಿಗಳ ಮಧ್ಯದ ಗ್ಯಾಪ್ ಸ್ವಲ್ಪ ಕಮ್ಮಿ ಮಾಡಿ ಅಂದೆ, ಮಾಡಿದ್ರು, ಸರಿಹೋಯ್ತು. ನೀವು ಯಾರ ಹತ್ರ ಆರ್ಡರ್ ಕೊಟ್ರೂ ಈ ರಟ್ಟು ಮಾತ್ರ ಕೇಳಿ ಇಸ್ಕೊಳ್ಳಿ, ದುಡ್ಡು ಜಾಸ್ತಿ ಆದ್ರೂ ಪರ್ವಾಗಿಲ್ಲ.

ಮೇಲ್ಭಾಗ ಸಿಟ್ಕಾ ಸ್ಪ್ರೂಸು ಅನ್ನೋ ಮರ, ಬೆನ್ನು ಮತ್ತು ಪಕ್ಕ ಬೀಟೆ. ಹೌದು, ನಮ್ಮ ಮಲೆನಾಡಿನ ಬೀಟೆ ಮರವೇ, ಗಿಟಾರ್ ಲೋಕದವರು ಈಸ್ಟ್ ಇಂಡಿಯನ್ ರೋಸ್‌ವುಡ್ ಅಂತ ಕರ್ಕೊಂಡು ಓಡಾಡೋದು ಇದನ್ನೇ. 2017ರಿಂದ ಸೈಟಿಸ್ (ಅಪಾಯದಲ್ಲಿರೋ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ) ಒಪ್ಪಂದದ ಪ್ರಕಾರ ಈ ಜಾತಿ ಮರದ ವಾದ್ಯ ಗಡಿ ದಾಟಿಸಿ ಮಾರಬೇಕಂದ್ರೆ ಪೇಪರ್ ವರ್ಕ್ ಕಾಟ ಇತ್ತು, 2019ರ ಕೊನೆಗೆ ರೆಡಿಯಾದ ವಾದ್ಯಗಳಿಗೆ ರಿಯಾಯಿತಿ ಕೊಟ್ರು. ಸೌಂಡ್ ಬಗ್ಗೆ ಜಾಸ್ತಿ ಬರೆದ್ರೆ ಹೊಗಳಿಕೆ ಥರ ಕಾಣತ್ತೆ, ಒಂದೇ ಹೇಳ್ತೀನಿ. ಬೇಸ್ ತಂತಿ ಮುಟ್ಟದೇ ಬರೀ ಗಿಟಾರ್ ನುಡಿಸಿದ್ರೂ ಅವು ತಾವಾಗೇ ಗುಂಯ್ ಅಂತಾವೆ, ಸಿತಾರಿನ ತರಬ್ ತಂತಿ ಹಾಗೆ. ಇದರ ರುಚಿ ಹತ್ತಿದ್ಮೇಲೆ ಹಳೇ ಗಿಟಾರ್ ಕೈಲಿ ಹಿಡಿದ್ರೆ ಏನೋ ಸಪ್ಪೆ ಸಪ್ಪೆ.

ಇನ್ನು ಕಲಿಯೋದು. ನನ್ನ ಟ್ಯೂನಿಂಗ್, ಪಾಶ್ಚಾತ್ಯ ಸ್ವರಗಳ ಹೆಸರಲ್ಲಿ, ಹೀಗೆ: ನೆಕ್‌ಗೆ ಹತ್ತಿರದ ಬೇಸ್ ತಂತಿ ಡಿ, ಮೇಲಕ್ಕೆ ಹೋದ ಹಾಗೆ ಸಿ, ಬಿ, ಎ, ಕೊನೇದು ಜಿ. ಆ ಜಿ ಎಷ್ಟು ಕೆಳಗೆ ಅಂದ್ರೆ 49 ಹರ್ಟ್ಸ್, ಮಾಮೂಲಿ ಗಿಟಾರಿನ ಅತೀ ಕೆಳಗಿನ ತಂತಿನೇ 82 ಇರತ್ತೆ. ಒಂದ್ಸಲ ಮೀಟಿದ್ರೆ ಸುಮಾರು ಹೊತ್ತು ಗುಂಯ್ ಅಂತಾನೇ ಇರತ್ತೆ, ಅಷ್ಟರಲ್ಲಿ ನೀವು ಇನ್ನೆರಡು ಕಾರ್ಡ್ (ಒಟ್ಟಿಗೇ ನುಡಿಸೋ ಸ್ವರಗಳ ಗುಂಪು) ಬದಲಾಯ್ಸಿರ್ತೀರ, ಹಿಂದಿನ ಬೇಸು ಮುಂದಿನ ಕಾರ್ಡ್ ಮೇಲೆ ಕೂತು ಎಲ್ಲಾ ಕಲಸುಮೇಲೋಗರ. ಯೂಟ್ಯೂಬಲ್ಲಿ ಆಂಡಿ ಮೆಕ್ಕೀ ನುಡಿಸೋದು ನೋಡಿದ್ರೆ ಮೀಟೋದೊಂದೇ ಕಣ್ಣಿಗೆ ಬೀಳತ್ತೆ, ಅರ್ಧ ಕೆಲಸ ನಡೀತಿರೋದು ನಿಲ್ಲಿಸೋದ್ರಲ್ಲಿ, ಅದು ಕಾಣೋದೇ ಇಲ್ಲ.

ನಿಲ್ಲಿಸೋದ್ರಲ್ಲಿ ಒಂದು ಮಜಾ ಇದೆ. ಹೆಬ್ಬೆರಳು ಮೀಟೋದು ಮೇಲಿಂದ ಕೆಳಕ್ಕೆ. ಮೀಟಿ ಹಾಗೇ ಕೆಳಗಿನ ತಂತಿ ಮೇಲೆ ಒರಗೋಕೆ ಬಿಟ್ರೆ, ಸಿ ಮೀಟಿದಾಗ ಬೆರಳು ಬಂದು ಡಿ ಮೇಲೆ ಕೂರತ್ತೆ, ಡಿ ಬಾಯಿ ಬಂದ್. ಬಿ ಮೀಟಿದ್ರೆ ಸಿ ಬಂದ್. ಅಂದ್ರೆ ಡಿ ಸಿ ಬಿ ಎ ಜಿ ಅಂತ ಇಳೀತಾ ಹೋದ್ರೆ ಏನೂ ಕಷ್ಟಪಡದೆ ಕ್ಲೀನಾಗಿ ಕೇಳ್ಸತ್ತೆ, ಅದೇ ಜಿ ಯಿಂದ ಎ ಗೆ ಹತ್ತಿದ್ರೆ ಬೆರಳು ಬಿ ಮೇಲೆ ಹೋಗಿ ಕೂರತ್ತೆ, ಜಿ ಮಾತ್ರ ಹಿಂದುಗಡೆ ಗುಂಯ್ ಅಂತಾನೇ ಇರತ್ತೆ, ವಾಪಸ್ ಹೋಗಿ ಹೆಬ್ಬೆರಳ ಬೆನ್ನಿಂದಲೋ ಅಂಗೈ ಪಕ್ಕದಿಂದಲೋ ಅದನ್ನ ಮುಟ್ಟಿ ಸುಮ್ಮನಿರ್ಸಬೇಕು, ಅದೂ ಉಳಿದ ಬೆರಳುಗಳು ಮೆಲೊಡಿ ನಡೆಸ್ತಿರುವಾಗ. ಅವರೋಹಣ ಫ್ರೀ, ಆರೋಹಣಕ್ಕೆ ಬೆವರು. ಮೊದಲ ಕೆಲವು ತಿಂಗಳು ನಾನು ಪ್ರಾಕ್ಟೀಸ್ ಮಾಡಿದ್ದೇ ಇದೊಂದನ್ನ, ಹಾಡು ಗೀಡು ಏನಿಲ್ಲ.

ಕರ್ನಾಟಕ ಸಂಗೀತ ಸ್ವಲ್ಪ ಗೊತ್ತಿದ್ರೆ ಇನ್ನೊಂದು ಖುಷಿ ಇದೆ. ಜಿ ನ ಷಡ್ಜ ಅಂದ್ಕೊಳ್ಳಿ, ಐದೂ ಬೇಸ್ ತಂತಿ ಸೇರಿದ್ರೆ ಶಂಕರಾಭರಣದ ಸರಿಗಮಪ ಆಯ್ತು. ಡಿ ನ ಷಡ್ಜ ಮಾಡ್ಕೊಂಡ್ರೆ ಅವೇ ತಂತಿಗಳು ಮ ಪ ದ ನಿ ಸ, ಖರಹರಪ್ರಿಯಕ್ಕೂ ಹರಿಕಾಂಭೋಜಿಗೂ ಒಂದು ಬಿರಡೆನೂ ತಿರುಗಿಸೋದು ಬೇಡ. ಮತ್ತೆ ಜಿ ಷಡ್ಜಕ್ಕೇ ಬಂದ್ರೆ, ಕಲ್ಯಾಣಿಗೆ ಸಿ ತಂತಿ ಅರ್ಧ ಸ್ವರ ಏರಬೇಕು, ಅದಕ್ಕೆ ಅಂತಲೇ ಲಿವರ್ ಹಾಕಿಸಿದ್ದೀನಿ, ಚಿಕ್ಕ ಹಾರ್ಪ್‌ಗಳಲ್ಲಿ ಇರತ್ತಲ್ಲ ಅದೇ ಥರದ್ದು, ಟಕ್ ಅಂತ ಎತ್ತಿದ್ರೆ ಪ್ರತಿಮಧ್ಯಮ ರೆಡಿ. ಒಂದಕ್ಕೆ ಮಾತ್ರ ಹಾಕಿಸ್ದೆ, ಐದಕ್ಕೂ ಹಾಕಿಸ್ಬೇಕಿತ್ತು ಅಂತ ಅನ್ಸಿಲ್ಲ. ಮಾಯಾಮಾಳವಗೌಳ ಬೇಕಂದ್ರೆ ಎ ತಂತಿನ ಕೈಯಾರೆ ಇಳಿಸ್ಕೊಳ್ಳಿ, ಅದಕ್ಕೆ ಲಿವರ್ ಆಗಲ್ಲ, ಲಿವರ್ ಏರಿಸತ್ತೇ ಹೊರತು ಇಳಿಸಲ್ಲ. ವೀಣೆ ನುಡಿಸೋರಿಗೆ ಕಿರುಬೆರಳಲ್ಲಿ ತಾಳದ ತಂತಿ ಮೀಟಿ ಅಭ್ಯಾಸ ಇರತ್ತಲ್ಲ, ಮೆಲೊಡಿ ಒಂದು ಕಡೆ ಪಕ್ಕದ ತಂತಿ ಇನ್ನೊಂದು ಕಡೆ ಅನ್ನೋ ಲೆಕ್ಕಾಚಾರ, ಅವರು ಇದಕ್ಕೆ ಬೇಗ ಒಗ್ತಾರೆ ಅಂತ ನನ್ನ ಅಂದಾಜು.

ತೊಂದ್ರೆಗಳು ಹೇಳ್ದೇ ಇದ್ರೆ ರಿವ್ಯೂ ಆಗಲ್ಲ. ಹೇಳಿದ ಟೈಮಿಗೆ ಸಿಗಲಿಲ್ಲ, ಒಂದು ವರ್ಷ ಅಂದಿದ್ದು ಒಂದೂವರೆ ದಾಟ್ತು. ಕೇಸ್ ಬೇರೆ ಕಡೆ ಮಾಡಿಸಿದ್ದು, ಒಂದು ಕ್ಲಿಪ್ ಬಂದ ವಾರವೇ ಕಿತ್ಕೊಂಡ್ಬಂತು, ಮೂರು ಇಮೇಲ್ ಹಾಕಿದ್ಮೇಲೆ ಹೊಸ ಕ್ಲಿಪ್ ಕಳ್ಸಿದ್ರು, ಸ್ಕ್ರೂ ಕಳ್ಸಲಿಲ್ಲ. ಟ್ಯೂನಿಂಗ್ ಕೂಡ ಒಂದು ಸರ್ಕಸ್ಸು: ಕ್ಲಿಪ್ ಹಾಕೋ ಟ್ಯೂನರ್‌ಗೆ ಕೆಳಗಿನ ಜಿ ಸರಿಯಾಗಿ ಸಿಗಲ್ಲ, ಜೊತೆಗೆ ಉಳಿದ ತಂತಿಗಳೂ ಅಲುಗಾಡಿ ಅದನ್ನ ಕನ್ಫ್ಯೂಸ್ ಮಾಡ್ತಾವೆ, ಅದಕ್ಕೆ ಒಂದು ಹಳೇ ಕಾಟನ್ ಪಂಚೆ ತುಂಡು ತಂತಿಗಳ ಮಧ್ಯೆ ತೂರಿಸಿ ಒಂದೊಂದೇ ತಂತಿ ಸರಿ ಮಾಡ್ತೀನಿ. ಚಳಿಗಾಲದಲ್ಲಿ ಇಲ್ಲಿ ಹೀಟರ್ ಓಡಿ ಓಡಿ ಮನೆ ಗಾಳಿ ಒಣಗಿ ಹೋಗತ್ತೆ, ರೂಮಲ್ಲಿ 45 ಪರ್ಸೆಂಟ್ ತೇವ ಇರೋ ಹಾಗೆ ಹ್ಯುಮಿಡಿಫೈಯರ್ ಇಡ್ಲೇಬೇಕು, ಇಲ್ಲಾಂದ್ರೆ ಮರ ಸೀಳತ್ತೆ. ಈ ತಲೆನೋವು ಬೇಡ ಅನ್ನೋರಿಗೆ ಐರ್ಲೆಂಡಿನ ಎಮರಾಲ್ಡ್‌ನೋರು ಕಾರ್ಬನ್ ಫೈಬರ್‌ನಲ್ಲೇ ಹಾರ್ಪ್ ಗಿಟಾರ್ ಮಾಡ್ತಾರೆ, ಮಳೆ ಚಳಿ ಎಲ್ಲದಕ್ಕೂ ಸೈ. ನಂಗೆ ಮರವೇ ಬೇಕಿತ್ತು, ಹಟ.

ಫೋನಲ್ಲಿ ರೆಕಾರ್ಡ್ ಮಾಡಿ ಯಾರಿಗಾದ್ರೂ ಕಳ್ಸಿ ಇಂಪ್ರೆಸ್ ಮಾಡ್ತೀನಿ ಅಂದ್ಕೊಂಡಿದ್ರೆ ಬಿಟ್ಬಿಡಿ. 49 ಹರ್ಟ್ಸ್ ಫೋನ್ ಸ್ಪೀಕರಲ್ಲಿ ಬರಲ್ಲ. ಅಮ್ಮ ವಾಟ್ಸಾಪಲ್ಲಿ ಕೇಳಿ "ಚೆನ್ನಾಗಿದೆ ಕಣೋ, ಆದ್ರೆ ಆ ದೊಡ್ಡ ಕೊಂಬು ಯಾಕೆ ಬೇಕಿತ್ತು" ಅಂದ್ರು, ಹೆಡ್‌ಫೋನ್ ಹಾಕ್ಕೊಂಡು ಕೇಳಮ್ಮ ಅಂದ್ರೆ ಕಿವಿ ನೋಯತ್ತೆ ಅಂತಾರೆ.

ಬ್ಯಾಂಡಲ್ಲಿ ನುಡಿಸೋರಿಗೆ ನಾನು ರೆಕಮೆಂಡ್ ಮಾಡಲ್ಲ, ಬೇಸ್ ಗಿಟಾರಿಸ್ಟ್ ಜೊತೆ ಜಗಳ ಗ್ಯಾರಂಟಿ, ಇಬ್ರದ್ದೂ ಒಂದೇ ಜಾಗದ ಸೌಂಡು. ಒಬ್ಬರೇ ಕೂತು ಫಿಂಗರ್‌ಸ್ಟೈಲ್ (ಬೆರಳುಗಳಲ್ಲೇ ಮೀಟಿ) ನುಡಿಸೋರು, ಈಗಾಗ್ಲೇ ಹೆಬ್ಬೆರಳು ಸ್ವತಂತ್ರವಾಗಿ ಓಡೋರು, ಅವರು ಕಣ್ಮುಚ್ಕೊಂಡು ತಗೊಳ್ಳಿ, ಮೊದಲು ಫ್ಯಾಕ್ಟರಿದು ಸೆಕೆಂಡ್ ಹ್ಯಾಂಡಲ್ಲಿ ಸಿಕ್ರೆ ಅದರಲ್ಲಿ ಕೈ ಕುದುರಿಸ್ಕೊಂಡು ಆಮೇಲೆ ಕಸ್ಟಮ್ ಯೋಚನೆ ಮಾಡಿ. ಬೇಸ್ ತಂತಿಗಳು ಮಾಮೂಲಿ ಮ್ಯೂಸಿಕ್ ಅಂಗಡೀಲಿ ಸಿಗಲ್ಲ, ಆರ್ಡರ್ ಜೊತೆಗೇ ಎರಡು ಸೆಟ್ ಎಕ್ಸ್ಟ್ರಾ ಹೇಳ್ಬಿಡಿ. ಮತ್ತೆ ವಿಮಾನದಲ್ಲಿ ತಲೆ ಮೇಲಿನ ಡಬ್ಬಿಗೆ ಇದು ಹೋಗೋ ಮಾತೇ ಇಲ್ಲ, ಪಕ್ಕದ ಸೀಟ್ ದುಡ್ಡು ಕೊಟ್ಟು ಕೂರಿಸ್ಬೇಕು ಇಲ್ಲ ಲಗೇಜಲ್ಲಿ ಹಾಕಿ ದೇವರ ಮೇಲೆ ಭಾರ ಹಾಕ್ಬೇಕು, ಬೆಂಗಳೂರಿಗೆ ಹೋಗುವಾಗ ನಾನು ಒಯ್ಯೋದು ಹಳೇ ಆರು ತಂತಿದನ್ನೇ.