ಟ್ರೇಡ್‌ಮಾರ್ಕ್ ಸೇವೆ: ಅರ್ಜಿ ಚೆನ್ನಾಗಿ ಹಾಕುತ್ತಾರೆ, ಹೆಸರು ಸರಿಯಾಗಿ ಹುಡುಕುವುದಿಲ್ಲ

ನಮ್ಮದು ಚಿಕ್ಕ ಸೋಪಿನ ವ್ಯಾಪಾರ. ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಲು ಒಂದು ಆನ್‌ಲೈನ್ ಸೇವೆ ಬಳಸಿದೆವು. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಫಾರಂ ಸರಳವಾಗಿದೆ, ಫೋನ್ ಮಾಡಿದರೆ ಎತ್ತುತ್ತಾರೆ, ಅರ್ಜಿ ನಂಬರ್ ಬಂದ ಕೂಡಲೇ ಕಳಿಸುತ್ತಾರೆ. ಆದರೆ ಅರ್ಜಿ ಹಾಕುವುದು ಸುಲಭದ ಕೆಲಸ. ಅದಕ್ಕೂ ಮೊದಲು ಹೆಸರು ಹುಡುಕಿ ನೋಡುವುದಿದೆಯಲ್ಲ, ನಾವು ದುಡ್ಡು ಕೊಡುವುದೇ ಅದಕ್ಕೆ.

ಇವರು ನಾವು ಕೊಟ್ಟ ಸ್ಪೆಲಿಂಗ್ ಇದ್ದ ಹಾಗೇ ಟೈಪ್ ಮಾಡಿ, ಯಾರೂ ತಗೊಂಡಿಲ್ಲ ಅಂದುಬಿಟ್ಟರು. ಟ್ರೇಡ್‌ಮಾರ್ಕ್ ಕಚೇರಿಯ ಪರೀಕ್ಷಕರು ಹಾಗೆ ನೋಡುವುದಿಲ್ಲ. ಹೇಳಿದರೆ ಒಂದೇ ಥರ ಕೇಳಿಸುತ್ತದಾ, ನೋಡಲು ಹೋಲುತ್ತದಾ, ಅರ್ಥ ಒಂದೇನಾ, ಇಬ್ಬರೂ ಮಾರುವುದು ಹತ್ತಿರದ ಸರಕಾ, ಕೊನೆಗೆ ಕೊಳ್ಳುವವರಿಗೆ ಇದು ಅವರದೋ ಇವರದೋ ಅಂತ ಗೊಂದಲ ಆಗುತ್ತದಾ ಅಂತ ಎಲ್ಲ ಸೇರಿಸಿ ತೂಗುತ್ತಾರೆ. ನಮಗೆ ಬಂದ ಆಕ್ಷೇಪಣೆಯೂ ಅದೇ. ಸ್ಪೆಲಿಂಗ್ ಬೇರೆ, ಉಚ್ಚಾರ ಒಂದೇ. ವೈಪೋ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸ್ ಪುಕ್ಕಟೆ ಇದೆ, ಅದರಲ್ಲಿ ಉಚ್ಚಾರ ಹಿಡಿದು ಹುಡುಕಲೂಬಹುದು. ಇದನ್ನೇ ಕಸುಬು ಮಾಡಿಕೊಂಡವರು ಅಷ್ಟಾದರೂ ನೋಡಬೇಕಿತ್ತು, ಅಲ್ವಾ? ಮೇಲಾಗಿ ಆಕ್ಷೇಪಣೆಗೆ ಉತ್ತರ ಬರೆಯಲು ಬೇರೆ ಶುಲ್ಕ ಕೇಳಿದರು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಸರ್ಚ್ ರಿಪೋರ್ಟನ್ನು ಬರಹದಲ್ಲಿ ಕೊಡುತ್ತೀರಾ, ಆಕ್ಷೇಪಣೆ ಬಂದರೆ ಅದರ ಉತ್ತರ ಇದೇ ಶುಲ್ಕದಲ್ಲಿ ಸೇರಿದೆಯಾ, ಇವೆರಡನ್ನೂ ದುಡ್ಡು ಕಟ್ಟುವ ಮೊದಲೇ ಕೇಳಿ.

ಕ್ಲಾಸ್, ಅಂದರೆ ನಮ್ಮ ಸರಕು ಸೇರುವ ವಿಭಾಗ, ಆರಿಸುವಾಗ ಮಾತ್ರ ಒಳ್ಳೆಯ ಸಲಹೆ ಕೊಟ್ಟರು. ಟ್ರೇಡ್‌ಮಾರ್ಕ್‌ಗಾಗಿ ಸರಕು, ಸೇವೆ ವಿಂಗಡಿಸುವ ಅಂತರರಾಷ್ಟ್ರೀಯ ಪಟ್ಟಿಯಾದ ನೈಸ್ ವರ್ಗೀಕರಣದಲ್ಲಿ 45 ಕ್ಲಾಸ್ ಇವೆ, 1ರಿಂದ 34 ಸರಕಿಗೆ, 35ರಿಂದ 45 ಸೇವೆಗೆ. ಸೋಪು 3ರಲ್ಲಿ ಬರುತ್ತದೆ. ಬೇರೆಯವರ ಸರಕನ್ನೂ ತಂದು ಅಂಗಡಿ ನಡೆಸುವುದಾದರೆ 35 ಬೇಕಾಗುತ್ತದೆ. ಇರಲಿ ಅಂತ ಸುಮ್ನೆ ಜಾಸ್ತಿ ಕ್ಲಾಸ್ ಹಾಕಿಸಬೇಡಿ ಅಂತ ಅವರೇ ತಡೆದರು. ಹೆಚ್ಚಿನ ಕಡೆ ಪ್ರತಿ ಕ್ಲಾಸಿಗೂ ಬೇರೆ ಶುಲ್ಕ, ಅಲ್ಲದೆ ವರ್ಷಗಟ್ಟಲೆ ಬಳಸದೆ ಬಿಟ್ಟರೆ ಬೇರೆಯವರು ಅದನ್ನು ರದ್ದು ಮಾಡಿಸಬಹುದು. ಲೋಗೋಗಿಂತ ಮೊದಲು ಬರೀ ಹೆಸರಿಗೆ ಅರ್ಜಿ ಹಾಕಿ ಅಂದದ್ದೂ ಸರಿಯೇ. ನಾಳೆ ಬಣ್ಣ, ಅಕ್ಷರದ ಶೈಲಿ ಬದಲಾಯಿಸಿದರೂ ಹೆಸರಿನ ರಕ್ಷಣೆ ಹಾಗೇ ಉಳಿಯುತ್ತದೆ.

ಇವರು ಹೇಳದೇ ಬಿಟ್ಟ ವಿಷಯಗಳೂ ಇವೆ. ಒಂದು ದೇಶದ ನೋಂದಣಿ ಆ ದೇಶಕ್ಕೆ ಮಾತ್ರ. ಹೊರದೇಶದಲ್ಲೂ ಮಾರುವ ಯೋಚನೆ ಇದ್ದರೆ ಮೊದಲ ಅರ್ಜಿಯಿಂದ 6 ತಿಂಗಳೊಳಗೆ ಅಲ್ಲಿ ಅರ್ಜಿ ಹಾಕಿದರೆ, ಟ್ರೇಡ್‌ಮಾರ್ಕ್, ಪೇಟೆಂಟ್ ಕುರಿತ ಪ್ಯಾರಿಸ್ ಒಪ್ಪಂದದಲ್ಲಿರುವ ದೇಶಗಳಲ್ಲಿ ಮೊದಲ ಅರ್ಜಿಯ ತಾರೀಖನ್ನೇ ಆಧಾರವಾಗಿ ಹಿಡಿಯಬಹುದು. ಇನ್ನೊಂದು, ಅರ್ಜಿ ಪ್ರಕಟವಾದ ಮೇಲೆ ನಿಮ್ಮ ವಿಳಾಸ ಎಲ್ಲರಿಗೂ ಕಾಣುತ್ತದೆ. ಆಗ ಸರ್ಕಾರಿ ಪತ್ರದ ಹಾಗೇ ಕಾಣುವ ನಕಲಿ ಬಿಲ್ಲುಗಳು ಬರುವುದುಂಟು. ಟ್ರೇಡ್‌ಮಾರ್ಕ್ ಕಚೇರಿಯ ಅಧಿಕೃತ ವೆಬ್‌ಸೈಟಿನಲ್ಲಿ ನಿಮ್ಮ ಅರ್ಜಿ ನಂಬರ್ ಹಾಕಿ ನೋಡದೆ ಒಂದು ಬಿಲ್ಲನ್ನೂ ಕಟ್ಟಬೇಡಿ.