16 ಲಕ್ಷ ಐಎಸ್‌ಒ ಅಂತ ನಂಬಿ ನನ್ನ 50 ಎಂಎಂ ಲೆನ್ಸ್ ಕಳ್ಕೊಂಡೆ, ನೀವು ಬೀಳ್ಬೇಡಿ

ಬರಿಯೋದಾ ಬೇಡ್ವಾ ಅಂತ ನಾಲ್ಕು ದಿನದಿಂದ ಒದ್ದಾಡ್ತಾ ಇದ್ದೆ. ನಿಜ ಹೇಳ್ಬೇಕಂದ್ರೆ ನಾಚ್ಕೆ ಆಗುತ್ತೆ. ಏಳು ವರ್ಷದಿಂದ ಮದುವೆ, ನಾಮಕರಣ, ಗೃಹಪ್ರವೇಶ ಅಂತ ಫೋಟೋ ಹೊಡೀತಾ ಇರೋನು, ಸುಂಟಿಕೊಪ್ಪ ಕಡೆ ನಾಲ್ಕು ಜನಕ್ಕೆ ಗೊತ್ತಿರೋನು, ಹೋಗಿ ಹೋಗಿ ಅಂಗಡಿಯವನ ಬಾಯ್ಮಾತಿಗೆ ಬಿದ್ದೆ ಅಂದ್ರೆ ಯಾರು ನಗಲ್ಲ ಹೇಳಿ. ಆದ್ರೆ ನಿನ್ನೆ ಕುಶಾಲನಗರದ ಹುಡುಗ ಒಬ್ಬ ಫೋನ್ ಮಾಡಿ "ಅಣ್ಣ, ನೈಟ್ ಮ್ಯಾಚ್ ಹೊಡಿಯೋಕೆ ಕ್ಯಾಮೆರಾ ಬೇಕು, ನೀವು ತಗೊಂಡ ಅಂಗಡೀಗೇ ಹೋಗ್ತಿದೀನಿ" ಅಂದ. ಆಮೇಲೆ ಸುಮ್ನಿರೋಕೆ ಆಗ್ಲಿಲ್ಲ. ಅಂಗಡಿ ಹೆಸರು ಹಾಕಲ್ಲ, ಮೈಸೂರಲ್ಲಿದೆ, ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಮಾರ್ತಾರೆ, ಅಷ್ಟು ಸಾಕು.

ನನ್ನ ಹತ್ರ ಇದ್ದದ್ದು ನಿಕಾನ್ ಡಿ3400, ಜೊತೆಗೆ 50 ಎಂಎಂ ಎಫ್ 1.8 ಲೆನ್ಸ್ (ಈ ಎಫ್ ನಂಬರ್ ಚಿಕ್ಕದಾದಷ್ಟೂ ಲೆನ್ಸು ಬೆಳಕು ಜಾಸ್ತಿ ಒಳಗೆ ಬಿಡುತ್ತೆ). ನಮ್ಮ ಕಡೆ ಒಂದು ಹೊನಲು ಬೆಳಕಿನ ವಾಲಿಬಾಲ್ ಟೂರ್ನಮೆಂಟು, ಎರಡು ರಾತ್ರಿ, 8 ಸಾವಿರಕ್ಕೆ ಮಾತಾಗಿ 3 ಸಾವಿರ ಅಡ್ವಾನ್ಸ್ ಕೊಟ್ಟಿದ್ರು. ಆ ಕಡೆ ಕೋರ್ಟಿನ ಆಟಗಾರರ ಮುಖ ಹತ್ರ ಬರ್ಲಿ ಅಂತ ಒಂದು ಜೂಮ್ ಬೇಕಿತ್ತು, ಕ್ಯಾಮೆರಾ ಬಾಡೀನೂ ಹಳೇದಾಗಿತ್ತು, ಕಾಫಿ ಮಾರಿದ ದುಡ್ಡು ಕೈಲಿತ್ತು, ಬೆಳಿಗ್ಗೆ ಬಸ್ ಹತ್ತಿ ಮೈಸೂರಿಗೆ ಹೋದೆ. ಹೋಗೋವಾಗ ತಲೇಲಿ ಇದ್ದದ್ದು ಒಂದೇ, ಎಫ್ 2.8 ಜೂಮ್ ಹಳೇದು ಸಿಕ್ರೆ ತಗೊಳೋದು, ಸಿಗ್ದಿದ್ರೆ 85 ಎಂಎಂ ಎಫ್ 1.8. ಅಂದ್ರೆ ನಂಗೆ ಗೊತ್ತಿತ್ತು! ಗೊತ್ತಿದ್ದೂ ಬಿದ್ದೆ, ಅದೇ ಹೊಟ್ಟೆ ಉರಿಯೋದು.

ಅಂಗಡೀಲಿ ಎಲ್ಲಿಂದ ಬಂದ್ರಿ ಅಂದ. ಕೊಡಗು ಅಂದೆ. "ಓ, ಹಾಕಿ ಹೊಡೀತೀರಾ ಸಾರ್?" ಅಂತ ಶುರು ಮಾಡ್ದ, ಹಾಕಿ ಅಲ್ಲಪ್ಪ, ರಾತ್ರಿ ವಾಲಿಬಾಲ್, ಲೈಟ್ ಕಮ್ಮಿ ಇರುತ್ತೆ, ಅಂತ ಬಿಡಿಸಿ ಬಿಡಿಸಿ ಹೇಳ್ದೆ. ಅದಕ್ಕೆ ಅವನು ಒಳಗಿಂದ ನಿಕಾನ್ ಡಿ7500 ಒಂದು ತಂದಿಟ್ಟ, ಮೂತಿಗೆ 70-300 ಜೂಮ್ ಲೆನ್ಸ್. "ಸಾರ್ ಇದರ ಐಎಸ್‌ಒ ಎಷ್ಟು ಗೊತ್ತಾ? 16 ಲಕ್ಷ 40 ಸಾವಿರ. ಕತ್ತಲೆ ಅನ್ನೋದೇ ಇಲ್ಲ ಇದಕ್ಕೆ." ಐಎಸ್‌ಒ ಅಂದ್ರೆ ಸಿಕ್ಕ ಬೆಳಕನ್ನ ಕ್ಯಾಮೆರಾ ಎಷ್ಟು ಎತ್ತಿ ತೋರಿಸುತ್ತೆ ಅನ್ನೋ ನಂಬರ್, ಅಷ್ಟೇ. ಎಫ್ 2.8 ಇಲ್ವಾ ಅಂದೆ. "2.8 ಎಲ್ಲಾ ರೀಲ್ ಕಾಲದ್ದು ಸಾರ್, ಆಗ ಐಎಸ್‌ಒ ಇರ್ಲಿಲ್ಲ ಅದಕ್ಕೆ ಬೇಕಿತ್ತು, ಈಗ ಯಾರು ಅಷ್ಟು ಭಾರ ಹೊರ್ತಾರೆ."

ಆಮೇಲೆ ಡೆಮೊ. ಕೌಂಟರ್ ಮೇಲೆ ಒಂದು ತಲೆ ಅಲ್ಲಾಡ್ಸೋ ಚನ್ನಪಟ್ಟಣದ ಗೊಂಬೆ, ಅದಕ್ಕೆ ಐಎಸ್‌ಒ 6400 ಇಟ್ಟು ಟಪ್ ಅಂತ ಒಂದು ಹೊಡ್ದು ಹಿಂದಿನ ಸ್ಕ್ರೀನಲ್ಲಿ ತೋರಿಸ್ದ. ಬೆಣ್ಣೆ ತರ ಇತ್ತು. ಬೆಣ್ಣೆ ತರ. ನಾನೂ ಎರಡು ಸಲ ನೋಡ್ದೆ, ತಲೆ ಅಲ್ಲಾಡಿಸ್ದೆ, ಗೊಂಬೆ ಮಾತ್ರ ಅಲ್ಲಾಡಿಸ್ಲಿಲ್ಲ!

ರೇಟು 56 ಸಾವಿರ. ಹಳೇ ಕ್ಯಾಮೆರಾಗೆ 10 ಸಾವಿರ, 50 ಲೆನ್ಸ್‌ಗೆ 5 ಸಾವಿರ ಹಿಡೀತೀನಿ ಅಂದ. 50 ಇರ್ಲಿ ಬಿಡಿ ಅಂತ ಒಂದ್ ಸಲ ಅಂದೆ, ಖಂಡಿತ ಅಂದೆ, ಅದಕ್ಕೆ "ಇದು ಬಂದ್ಮೇಲೆ ಅದು ಬ್ಯಾಗಲ್ಲಿ ಫಂಗಸ್ ಹಿಡಿಯುತ್ತೆ ಸಾರ್, ನಿಮ್ಮೂರ ಮಳೆಗೆ" ಅಂದ. ಫಂಗಸ್ ಅನ್ನೋ ಮಾತು ನಮ್ಮ ಕಡೆಯವರಿಗೆ ಎಲ್ಲಿ ತಾಗುತ್ತೆ ಅಂತ ಅವನಿಗೆ ಗೊತ್ತು. ಕೊಟ್ಟುಬಿಟ್ಟೆ. ಮೇಲೆ 41 ಸಾವಿರ ಎಣಿಸಿ ಕೊಟ್ಟೆ.

ಮ್ಯಾಚ್ ದಿನ. ನಾಲ್ಕು ಮೂಲೆಗೆ ನಾಲ್ಕು ಕಂಬ, ಲೈಟು ನೋಡೋಕೆ ಜೋರಾಗೇ ಇತ್ತು. ಮೊದಲು ಶಟರ್ 1/200ರಲ್ಲಿ, ಅಂದ್ರೆ ಸೆಕೆಂಡಿನ 200ರಲ್ಲಿ ಒಂದು ಪಾಲು ಹೊತ್ತು ತೆರೆದಿಟ್ಟು ಹೊಡ್ದೆ, ಸ್ಮ್ಯಾಶ್ ಮಾಡೋನ ಕೈ ಮೊಣಕೈವರೆಗೆ ಇದೆ, ಅಲ್ಲಿಂದ ಮುಂದೆ ಹೊಗೆ, ಬಾಲು ಎಳೆದಿಟ್ಟ ಕೋಳಿಮೊಟ್ಟೆ. 1/800ಕ್ಕೆ ಏರಿಸಿದೆ. ಜೂಮ್ ಎಳೆದ್ರೆ ಈ ಲೆನ್ಸು ಎಫ್ 6.3ಕ್ಕೆ ಮುಚ್ಕೊಳುತ್ತೆ, ಅಲ್ಲಿಗೆ ಐಎಸ್‌ಒ 51200 ಕೇಳ್ತು. ಕೊಟ್ಟೆ. ನೆರಳಿರೋ ಮೂಲೇಲಿ ಅದೂ ಸಾಲ್ದೆ ಹೈ 1, ಹೈ 2 ಅಂತ ಹೋದೆ, ಅಲ್ಲಿಂದ ಮೇಲೆ ಸ್ಕ್ರೀನಲ್ಲಿ ನಂಬರೇ ಬರಲ್ಲ, ಬರೀ ಹೈ. ಈ 16 ಲಕ್ಷ ಅನ್ನೋದು ಇದೇ ಏಣಿಯ ಕೊನೇ ಮೆಟ್ಲು, ಹೈ 5. ಆ ಕ್ಯಾಮೆರಾದ ಸರಿಯಾದ ಐಎಸ್‌ಒ ಮುಗಿಯೋದು 51200ಕ್ಕೆ, ಅದನ್ನ ಐದು ಸಲ ಡಬಲ್ ಮಾಡಿ ನೋಡಿ ಎಲ್ಲಿಗೆ ಬರುತ್ತೆ ಅಂತ. ತೋಟದ ಮೂಲೇಲಿ ಮಡಿಕೇರಿ ಆಕಾಶವಾಣಿ ಸರಿ ಸಿಗ್ದಿದ್ರೆ ವಾಲ್ಯೂಮ್ ತಿರುಗಿಸಿದ ಹಾಗೆ, ಹಾಡಿಗಿಂತ ಕರಕರ ಜಾಸ್ತಿ.

ರಾತ್ರಿ ಒಂದು ಗಂಟೆಗೆ ಮನೇಗೆ ಬಂದು ಲ್ಯಾಪ್‌ಟಾಪ್‌ಗೆ ಹಾಕಿದೆ. ಒಬ್ಬೊಬ್ಬ ಆಟಗಾರನ ಮುಖದ ಮೇಲೂ ಕಾಫಿಪುಡಿ ಚೆಲ್ಲಿದ ಹಾಗೆ. ಈ ಪುಡಿ, ಅಂದ್ರೆ ನಾಯ್ಸ್, ತೆಗಿಯೋಕೆ ಹೋದ್ರೆ ಮುಖ ಮೇಣ ಆಗುತ್ತೆ, ಬಿಟ್ರೆ ಪುಡಿ. ಕಮ್ಮಿ ಐಎಸ್‌ಒದಲ್ಲಿ ಕಪ್ಪಗೆ ಹೊಡ್ದಿದ್ದ ಸ್ವಲ್ಪ ಫೋಟೋ ಇತ್ತು, ಆಮೇಲೆ ಲೈಟ್ ಮಾಡ್ಕೊಳೋಣ ಅಂತ, ಅವು ಇನ್ನೂ ಕೇಡು, ಎತ್ತಿದ ಕಡೆಯೆಲ್ಲಾ ನೇರಳೆ ಕಲೆ. ಅದರ ಮೇಲೆ ಒಂದು ಫ್ರೇಮ್ ಹಳದಿ, ಮುಂದಿನದು ಮಂಕು. ನಮ್ಮ ಕರೆಂಟು 50 ಹರ್ಟ್ಸು, ಇಂಥ ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತೆ, 1/800ರಲ್ಲಿ ಯಾವ ಮಿಣುಕು ಸಿಕ್ತೋ ಅದೇ ಬಣ್ಣ. ಅದಕ್ಕೆ ಮೆನುನಲ್ಲಿ ಫ್ಲಿಕರ್ ರಿಡಕ್ಷನ್ ಅಂತ ಇದೆ, ಆನ್ ಮಾಡಿರ್ಲಿಲ್ಲ, ಅದು ನನ್ನ ತಪ್ಪು, ಒಪ್ಕೋತೀನಿ.

ಆಮೇಲೆ ಸುಮ್ನೆ ಕಾರ್ಡ್ ಮೊದಲಿಂದ ನೋಡ್ತಾ ಹೋದೆ. ಮೊಟ್ಟಮೊದಲ ಫೋಟೋ ಅಂಗಡಿ ಗೊಂಬೆ. ಡೀಟೇಲ್ಸ್ ತೆಗೆದೆ. ಐಎಸ್‌ಒ 6400, ಎಫ್ 4.5, 70 ಎಂಎಂ, ಶಟರ್ 1/30.

1/30!!

ಅಲ್ಲೇ ಕೂತುಬಿಟ್ಟೆ. 1/800ರಲ್ಲಿ ಸಿಗೋ ಬೆಳಕಿಗಿಂತ 26 ಪಾಲು ಜಾಸ್ತಿ. ಗೊಂಬೆ ಓಡಲ್ಲ, ಹಾರಲ್ಲ, ಅದಕ್ಕೆ 1/30 ಏನು, ಒಂದು ಸೆಕೆಂಡ್ ಇಟ್ರೂ ನಡಿಯುತ್ತೆ. ಅದೇ ಕೋಪದಲ್ಲಿ ಇನ್ನೊಂದು ಲೆಕ್ಕ ಹಾಕ್ದೆ, ಹಾಕಬಾರದಿತ್ತು. ನಾನು ಕೊಟ್ಟು ಬಂದ 50ರ ಎಫ್ 1.8ಕ್ಕೂ ಈ ಎಫ್ 6.3ಕ್ಕೂ ಬೆಳಕಲ್ಲಿ 12 ಪಾಲು ವ್ಯತ್ಯಾಸ. 51200 ಕೇಳಿದ ಜಾಗದಲ್ಲಿ 4000 ಸಾಕಿತ್ತು. ಹಳೇ ಡಿ3400ಗೂ 4000 ದೊಡ್ಡದಲ್ಲ, ಸ್ವಲ್ಪ ಕ್ರಾಪ್ ಮಾಡ್ಕೊಂಡಿದ್ರೆ ಆಗ್ತಿತ್ತು. ಮನೆಯಿಂದ ಹೊರಡೋವಾಗ ನನ್ನ ಬ್ಯಾಗಲ್ಲೇ ಇತ್ತು ಕೆಲ್ಸ ಆಗೋ ಸಾಮಾನು. ಅದನ್ನ 5 ಸಾವಿರಕ್ಕೆ ಕೊಟ್ಟು, ಮೇಲೆ 41 ಸಾವಿರ ಸುರಿದು ಕತ್ತಲೆ ಕೊಂಡ್ಕೊಂಡು ಬಂದೆ.

ಬೆಳಿಗ್ಗೆ ಅಂಗಡಿಯವನಿಗೆ ವಾಟ್ಸಾಪ್ ಮಾಡ್ದೆ, ಫೋಟೋ ಕಳ್ಸಿ. ಮೊದಲು "ಯಾವ ಮೋಡಲ್ಲಿ ಹೊಡೆದ್ರಿ ಸಾರ್?" ಅಂದ. ಮ್ಯಾನುಯಲ್ ಅಂದೆ. "ಹಾಂ ಅದಕ್ಕೇ, ಆಟೋ ಹಾಕಿ." ಆಟೋ ಹಾಕಿದ್ರೆ ಐಎಸ್‌ಒ ಎಲ್ಲಿಂದ ಬೆಳಕು ತರುತ್ತಪ್ಪ ಅಂದೆ. "ನಿಮ್ಮ ಗ್ರೌಂಡ್ ಲೈಟ್ ಸರಿ ಇಲ್ಲ ಸಾರ್, ಅದಕ್ಕೆ ನಾವೇನ್ ಮಾಡೋದು." ಲೈಟ್ ಕಮ್ಮಿ ಅಂತ ತಾನೇ ನಿಮ್ಮ ಹತ್ರ ಬಂದಿದ್ದು! ಅದಕ್ಕೆ ಉತ್ತರ ಇಲ್ಲ, ಬಿಲ್ಲಿನ ಫೋಟೋ ಬಂತು, ಎಕ್ಸ್‌ಚೇಂಜ್ ಮಾಡಿದ ಮಾಲು ವಾಪಸ್ ಇಲ್ಲ ಅನ್ನೋ ಸಾಲಿಗೆ ಕೆಂಪು ರೌಂಡ್ ಹಾಕಿ. ಸರಿ, ದುಡ್ಡು ಬೇಡ, ನನ್ನ 50 ಆದ್ರೂ ಕೊಡಿ, ಆ 5 ಸಾವಿರ ವಾಪಸ್ ಕೊಡ್ತೀನಿ ಅಂದೆ. "ಅದು ಅವತ್ತೇ ಸಾಯಂಕಾಲ ಹೋಯ್ತು ಸಾರ್, 8 ಸಾವಿರಕ್ಕೆ. ಕಬಡ್ಡಿ ಫೋಟೋ ಹೊಡಿಯೋರು ಯಾರೋ, ರಾತ್ರಿ ಹೊತ್ತಿಗೆ ಚೆನ್ನಾಗಿರುತ್ತೆ ಅಂತ ತಗೊಂಡ್ರು." ಕೊನೇಗೆ ಒಂದು ಹೆಬ್ಬೆಟ್ಟಿನ ಇಮೋಜಿ. ಆ ಹೆಬ್ಬೆಟ್ಟು ನೋಡಿ ಫೋನ್ ಎಸಿಯೋ ಹಾಗಾಯ್ತು.

ಕಮಿಟಿ ಹುಡುಗರು ಬೈಲಿಲ್ಲ ಪಾಪ. "ಅಣ್ಣ, ಅವತ್ತು ಅಷ್ಟು ಮಂಜು ಇತ್ತಾ?" ಅಂದ್ರು, ಅಷ್ಟೇ. ಅಡ್ವಾನ್ಸ್ ವಾಪಸ್ ಕೊಟ್ಟೆ. ಫ್ಲೆಕ್ಸಿಗೆ ಯಾರದೋ ಮೊಬೈಲ್ ಫೋಟೋ ಹಾಕಿದಾರೆ. ಚೆನ್ನಾಗಿದೆ.

ಕ್ಯಾಮೆರಾ ಕೆಟ್ಟದಲ್ಲ, ಲೆನ್ಸೂ ಕೆಟ್ಟದಲ್ಲ, ಸುಳ್ಳು ಹೇಳಲ್ಲ. 1997ರಲ್ಲಿ ನಮ್ಮ ಕೊಡಗಿನ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಈಗಲೂ ಬೇಸಿಗೆ ಬಿಸಿಲಲ್ಲಿ ನಡಿಯುತ್ತಲ್ಲ, ಅಲ್ಲಿಗೆ ಇದೇ ಜೂಮ್ ಹಿಡ್ಕೊಂಡು ಹೋಗಿ, ಐಎಸ್‌ಒ 400ರಲ್ಲಿ ಚಿಂದಿ ಫೋಟೋ ಬರುತ್ತೆ. ರಾತ್ರಿಗೆ ಅಂತ ತಗೊಳೋರು ಐಎಸ್‌ಒ ಎಷ್ಟು ಅಂತ ಆಮೇಲೆ ಕೇಳಿ, ಮೊದಲು ಲೆನ್ಸಿನ ಎಫ್ ನಂಬರ್ ನೋಡಿ, ಜೂಮ್ ಪೂರ್ತಿ ಎಳೆದು ನೋಡಿ. ಡೆಮೊ ಕೊಡ್ತೀನಿ ಅಂದ್ರೆ ಗೊಂಬೆ ಬೇಡ ಅನ್ನಿ, ಶಟರ್ 1/800 ಇಟ್ಟು ಆ ಅಂಗಡಿಯವನನ್ನೇ ಕುಣಿಸಿ ಹೊಡೀರಿ, ಪೂರ್ತಿ ದೊಡ್ಡದು ಮಾಡಿ ನೋಡಿ. ಹೈ ಅಂತ ಬರೆದಿರೋದನ್ನ ಲೆಕ್ಕಕ್ಕೇ ತಗೋಬೇಡಿ.

ಇನ್ನೊಂದು. ನನ್ನ 50ರ ಫಿಲ್ಟರ್ ಹಾಕೋ ರಿಂಗಲ್ಲಿ ಒಂದು ಕಡೆ ಗೀಟು ಇದೆ, ಹೋದ ವರ್ಷ ಕಾಫಿ ಕಣದಲ್ಲಿ ಬಿದ್ದಿದ್ದು. ಮೈಸೂರು ಕಡೆ ಕಬಡ್ಡಿ ಹೊಡಿಯೋರು ಯಾರ ಹತ್ರ ಆದ್ರೂ ಕಂಡ್ರೆ ಹೇಳಿ, 9 ಸಾವಿರ ಕೊಟ್ಟು ತಗೋತೀನಿ.