ಕಾರಿನ ಸ್ಪ್ರಿಂಗ್ ಬಫರ್: ಕೊಡಗಿನ ರಸ್ತೆಗೆ ಹಾಕಿಸುವುದೋ, ತೆಗೆಸುವುದೋ

ಕಾರಿನ ಕಾಯಿಲ್ ಸ್ಪ್ರಿಂಗಿನ ಸುತ್ತುಗಳ ನಡುವೆ ತುರುಕುವ ರಬ್ಬರ್ ಅಥವಾ ಯುರೆಥೇನ್ ಬಳೆಗೆ ಸ್ಪ್ರಿಂಗ್ ಬಫರ್ ಅನ್ನುತ್ತಾರೆ. ಹಂಪ್‌ಗೆ ತಳ ತಾಗುವುದಿಲ್ಲ, ಹಿಂಭಾಗ ಕುಸಿಯುವುದಿಲ್ಲ, ತಿರುವಿನಲ್ಲಿ ಕಾರು ವಾಲುವುದಿಲ್ಲ ಎಂದು ಹೇಳಿ ಮಾರುತ್ತಾರೆ. ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ನಾಲ್ಕೂ ಚಕ್ರಕ್ಕೆ ಹಾಕಿಸಿಕೊಂಡ ಮೇಲೆ "ಸಸ್ಪೆನ್ಷನ್ ಹಾರ್ಡ್ ಆಗಿಬಿಟ್ಟಿದೆ, ಸಣ್ಣ ಗುಂಡಿಗೂ ಎತ್ತಿ ಕುಕ್ಕುತ್ತದೆ" ಎಂಬ ದೂರು ಬಂದೇ ಬರುತ್ತದೆ. ತೂಕ ಹೊರುವ ಕಾರಿನ ಹಿಂದಿನ ಚಕ್ರಕ್ಕೆ ಇದು ಒಳ್ಳೆಯ ಸಾಮಾನು. ಮುಂದಿನ ಚಕ್ರಕ್ಕೆ ಬೇಡವೇ ಬೇಡ.

ಇದು ಕಾರನ್ನು ಯಾಕೆ ಗಡುಸು ಮಾಡುತ್ತದೆ ಎಂಬುದು ಸರಳ ಲೆಕ್ಕ. ಸ್ಪ್ರಿಂಗಿನಲ್ಲಿ ಕೆಲಸ ಮಾಡುವ ಸುತ್ತುಗಳು ಕಡಿಮೆಯಾದಷ್ಟೂ ಅದು ಬಿಗಿಯಾಗುತ್ತದೆ. 6 ಸುತ್ತು ಕೆಲಸ ಮಾಡುವಲ್ಲಿ ಒಂದನ್ನು ಅಲುಗದಂತೆ ಹಿಡಿದರೆ ಉಳಿಯುವುದು 5, ಸ್ಪ್ರಿಂಗ್ ಶೇ. 20ರಷ್ಟು ಗಡುಸಾಯಿತು. ಎರಡು ಬಫರ್ ಹಾಕಿ ಎರಡು ಸುತ್ತು ಕಟ್ಟಿದರೆ ಉಳಿಯುವುದು 4; ಶೇ. 50. ಮೆತ್ತನೆಯ ಯುರೆಥೇನ್ ತಾನೂ ಸ್ವಲ್ಪ ಒತ್ತಿಕೊಳ್ಳುವುದರಿಂದ ಅಷ್ಟು ಆಗದು. ಅಗ್ಗದ ಗಟ್ಟಿ ಪ್ಲಾಸ್ಟಿಕ್ ಬಳೆಗಳು ಹೆಚ್ಚುಕಮ್ಮಿ ಈ ಲೆಕ್ಕಕ್ಕೇ ಬರುತ್ತವೆ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ: ಉಗುರೂರಿದರೂ ಗುರುತು ಬೀಳದಷ್ಟು ಗಟ್ಟಿಯಿದ್ದರೆ ವಾಪಸ್ ಕೊಡಿ. ಇನ್ನೊಂದು ವಿಷಯವಿದೆ. ಸ್ಪ್ರಿಂಗ್ ಬಿಗಿಯಾದರೂ ಶಾಕ್ ಅಬ್ಸರ್ಬರ್ ಮಾತ್ರ ಹಳೆಯದೇ. ಅದನ್ನು ಮಾಡಿರುವುದು ಮೊದಲಿನ ಸ್ಪ್ರಿಂಗಿಗೆ. ಬಿಗಿಯಾದ ಸ್ಪ್ರಿಂಗ್ ವಾಪಸ್ ಚಿಮ್ಮುವುದನ್ನು ಅದು ಪೂರ್ತಿ ತಡೆಯಲಾರದು. ಅದಕ್ಕೇ ಹಂಪ್ ದಾಟಿದ ಮೇಲೂ ಹಿಂಭಾಗ ಒಂದು ಸಲ ಹೆಚ್ಚಿಗೆ ಎಗರುವುದು.

ಹಾಗಾದರೆ ಯಾರಿಗೆ ಬೇಕು? ತೋಟದಿಂದ 50 ಕೆಜಿಯ ಕಾಫಿ ಮೂಟೆ ಎರಡು ಮೂರನ್ನು ಡಿಕ್ಕಿಯಲ್ಲಿ ತರುವವರಿಗೆ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ ಲಗೇಜ್ ಸಮೇತ ಓಡಿಸುವ ಟ್ಯಾಕ್ಸಿಯವರಿಗೆ, ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವವರಿಗೆ. ಅಳೆದು ನೋಡುವುದು ಸುಲಭ. ಸಮತಟ್ಟು ಜಾಗದಲ್ಲಿ ಖಾಲಿ ಕಾರು ನಿಲ್ಲಿಸಿ, ಹಿಂದಿನ ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿಯಿರಿ. ಎಡ ಬಲಕ್ಕೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಂದು ಸ್ಪ್ರಿಂಗ್ ಸೋತಿದೆ ಅಥವಾ ಮುರಿದಿದೆ. ಅದಕ್ಕೆ ಬಫರ್ ಔಷಧಿಯಲ್ಲ, ಎರಡೂ ಕಡೆ ಹೊಸ ಸ್ಪ್ರಿಂಗೇ ಹಾಕಬೇಕು. ಖಾಲಿ ಕಾರು ಸರಿಯಾಗಿ ನಿಂತು, ತೂಕ ಹಾಕಿದಾಗ ಮಾತ್ರ ಕುಂಡೆ ಕುಸಿದರೆ ಬಫರ್‌ಗೆ ಕೆಲಸವಿದೆ.

ಹಾಕುವಾಗ ತಪ್ಪುವುದು ಹೆಚ್ಚಾಗಿ ಸೈಜಿನಲ್ಲಿ. ಚಕ್ರಗಳು ನೆಲದ ಮೇಲಿರುವಾಗ, ಕಾರು ಖಾಲಿಯಿರುವಾಗ ಎರಡು ಸುತ್ತುಗಳ ನಡುವಿನ ಸಂದು ಅಳೆಯಬೇಕು. ಜಾಕ್ ಎತ್ತಿ ಅಳೆದರೆ ಸ್ಪ್ರಿಂಗ್ ಬಿಚ್ಚಿಕೊಂಡು ಸಂದು ದೊಡ್ಡದಾಗಿ ಕಾಣುತ್ತದೆ, ಆ ಅಳತೆಗೆ ತಂದ ಬಫರ್ ದಪ್ಪವಾಗುತ್ತದೆ, ಕಾರು ಎತ್ತರವೂ ಗಡುಸೂ ಆಗುತ್ತದೆ. ಎ, ಬಿ, ಸಿ ಎಂಬ ಸೈಜಿನ ಅಕ್ಷರಗಳು ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ಮಿ.ಮೀ. ಹೇಳಿ ಕೇಳಿ. ಹಾಕುವ ಮೊದಲು ಸುತ್ತಿನ ಮೇಲಿನ ಕೆಸರು, ತುಕ್ಕು ಉಜ್ಜಿ ತೆಗೆದು, ಬಫರ್‌ಗೆ ಸೋಪಿನ ನೀರು ಸವರಿ ಕೂರಿಸಬೇಕು. ಗ್ರೀಸು, ಆಯಿಲ್ ಬೇಡ. ಆಯಿಲ್‌ಗೆ ರಬ್ಬರ್ ಉಬ್ಬುತ್ತದೆ, ಆಮೇಲೆ ಜಾರಿ ತಿರುಗುತ್ತದೆ. ಒಂದು ಪೂರ್ತಿ ಸುತ್ತಿಗಿಂತ ಉದ್ದವಿದ್ದರೆ ಹೆಚ್ಚಿಗೆ ಉಳಿದದ್ದನ್ನು ಕತ್ತರಿಸಿ, ಎರಡೂ ತುದಿಗೆ ಕೇಬಲ್ ಟೈ ಬಿಗಿಯಿರಿ. ಜಾಗ ಸ್ಪ್ರಿಂಗಿನ ನಡುಭಾಗ, ಎಡಬಲ ಒಂದೇ ಎತ್ತರದಲ್ಲಿ. ಸುಮಾರು 500 ಕಿ.ಮೀ. ಓಡಿದ ಮೇಲೆ ಜರುಗಿದೆಯೇ ಎಂದು ಇಣುಕಿ ನೋಡಿ. ಹಿಂಭಾಗ ಎತ್ತರವಾದರೆ ಹೆಡ್‌ಲೈಟ್ ಬೆಳಕು ಹತ್ತಿರಕ್ಕೆ ಬೀಳುತ್ತದೆ, ಅದನ್ನೂ ತಿರುಗಿಸಿ ಸರಿಮಾಡಿಸಬೇಕು.

ಮುಂದಿನ ಚಕ್ರಕ್ಕೆ ಯಾಕೆ ಬೇಡ? ಸ್ಟೀರಿಂಗ್, ಹೆಚ್ಚಿನ ಬ್ರೇಕ್, ಬಹುಪಾಲು ಸಣ್ಣ ಕಾರುಗಳಲ್ಲಿ ಇಂಜಿನ್ನಿನ ಎಳೆತ ಎಲ್ಲವೂ ಮುಂದಿನ ಟೈರಿನ ಮೇಲೆಯೇ. ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ಇಳಿತದಲ್ಲೋ ಜುಲೈ ತಿಂಗಳ ಮಳೆಗೆ ಟಾರು ಕಿತ್ತ ತಿರುವಿನಲ್ಲಿ ಬ್ರೇಕ್ ಒತ್ತಿದಾಗ, ಗಡುಸಾದ ಮುಂದಿನ ಚಕ್ರ ರಸ್ತೆಯನ್ನು ಹಿಡಿಯದೆ ಮೇಲೆಯೇ ಕುಣಿಯುತ್ತದೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬೇಗ ಕಟಕಟ ಎನ್ನಲು ಶುರುಮಾಡುತ್ತದೆ, ನಿಲ್ಲುವ ದೂರ ಹೆಚ್ಚುತ್ತದೆ. ಬೆನ್ನುನೋವಿಗಿಂತ ಇದು ದೊಡ್ಡ ವಿಷಯ.

ನಮ್ಮ ಮಳೆಗಾಲಕ್ಕೆ ಇನ್ನೊಂದು ತೊಂದರೆಯಿದೆ. ಬಫರ್ ಮತ್ತು ಕಬ್ಬಿಣದ ನಡುವೆ ಕೆಮ್ಮಣ್ಣು, ಮರಳು ಸೇರಿಕೊಂಡು ಉಪ್ಪುಕಾಗದದಂತೆ ಪೇಂಟ್ ಉಜ್ಜುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಜಾಗ ಒಣಗುವುದೇ ಇಲ್ಲ. ಬಫರ್ ಎತ್ತಿದರೆ ಸ್ಪ್ರಿಂಗಿನ ಮೈಮೇಲೆ ಬಳೆಯಾಕಾರದಲ್ಲಿ ಕೆಂಪು ತುಕ್ಕು, ಅದರೊಳಗೆ ಸೂಜಿ ಚುಚ್ಚಿದಂಥ ಕುಳಿಗಳು ಕಾಣುತ್ತವೆ. ಸ್ಪ್ರಿಂಗ್ ಮುರಿಯುವುದು ಅಂಥ ಕುಳಿಯಿಂದಲೇ. ಮಳೆ ಮುಗಿದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು, ಪೇಂಟ್ ಹೋದಲ್ಲಿ ಬಳಿದು ಹಾಕುವಷ್ಟು ವ್ಯವಧಾನ ಇದ್ದವರಷ್ಟೇ ಇದನ್ನು ಇಟ್ಟುಕೊಳ್ಳಲಿ.

ಈಗಾಗಲೇ ಗಡುಸಾಗಿರುವ ಕಾರಿಗೆ ಬರೋಣ. ಸೆಕೆಂಡ್ ಹ್ಯಾಂಡ್ ಕಾರಾದರೆ ಮೊದಲು ಟಾರ್ಚ್ ಹಿಡಿದು ನಾಲ್ಕೂ ಸ್ಪ್ರಿಂಗ್ ನೋಡಿ, ಹಿಂದಿನ ಮಾಲೀಕರು ಬಫರ್ ಹಾಕಿಸಿ ಮರೆತಿರಬಹುದು. ಇದ್ದರೆ ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಜಾಕ್ ಎತ್ತಿ, ಸ್ಟ್ಯಾಂಡ್ ಇಟ್ಟು, ಕೇಬಲ್ ಟೈ ಕತ್ತರಿಸಿ ಎಳೆದರೆ ಬರುತ್ತದೆ. ಬಫರ್ ಇಲ್ಲದಿದ್ದರೆ ಗಾಳಿ ನೋಡಿ. ಡ್ರೈವರ್ ಬಾಗಿಲ ಕಂಬದ ಮೇಲಿನ ಸ್ಟಿಕ್ಕರ್‌ನಲ್ಲಿ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದಿದ್ದರೆ 40 ತುಂಬಿಸಿದ ಟೈರು ಬಂಡೆಯಂತೆಯೇ ಇರುತ್ತದೆ. ಬೆಳಿಗ್ಗೆ ಕಾರು ಓಡುವ ಮೊದಲು ಅಳೆಯಬೇಕು. ಮಂಗಳೂರಿನಲ್ಲಿ ತುಂಬಿಸಿ ಮಡಿಕೇರಿಗೆ ಬಂದರೆ ಇಲ್ಲಿಯ ತೆಳು ಗಾಳಿಗೆ ಗೇಜ್ ಸುಮಾರು 2 ಪಿಎಸ್‌ಐ ಹೆಚ್ಚು ತೋರಿಸಬೇಕು, ಆದರೆ ಮಂಗಳೂರಿಗಿಂತ ಹತ್ತು ಡಿಗ್ರಿ ಹೆಚ್ಚಿನ ಚಳಿ ಒಂದೂವರೆ ಇಳಿಸಿಬಿಡುತ್ತದೆ. ಹಾಗಾಗಿ ಆ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಗಾಳಿ ಸರಿಯಿದ್ದೂ ಕುಕ್ಕಿದರೆ ಒಂದೊಂದು ಮೂಲೆಯನ್ನೂ ಮೈಭಾರ ಹಾಕಿ ಒತ್ತಿ ಬಿಡಿ. ಒತ್ತಿದರೂ ಜಗ್ಗದಿದ್ದರೆ ಬುಷ್ (ಸಸ್ಪೆನ್ಷನ್ ಕೀಲುಗಳಲ್ಲಿನ ರಬ್ಬರ್) ಅಥವಾ ಶಾಕ್ ಹಿಡಿದುಕೊಂಡಿದೆ. ಎರಡು ಮೂರು ಸಲ ತೂಗಾಡಿದರೆ ಶಾಕ್ ಸತ್ತಿದೆ. ಸತ್ತ ಶಾಕ್ ಕಾರನ್ನು ಮೆತ್ತಗೆ ಮಾಡಬೇಕಲ್ಲವೇ ಎನಿಸುತ್ತದೆ. ಸಪಾಟು ರಸ್ತೆಯಲ್ಲಿ ಹಾಗೇ ಇರುತ್ತದೆ, ಗುಂಡಿಗೆ ಬಿದ್ದಾಗ ಮಾತ್ರ ಕೊನೆಯವರೆಗೂ ಇಳಿದು ಬಂಪ್ ಸ್ಟಾಪ್‌ಗೆ, ಅಂದರೆ ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿಗೆ, ಗುದ್ದುತ್ತದೆ. ಗೊತ್ತುಮಾಡಿಕೊಳ್ಳಲು ಡಸ್ಟ್ ಕವರ್ ಎತ್ತಿ, ಶಾಕ್‌ನ ಹೊಳೆಯುವ ರಾಡ್‌ಗೆ ಬುಡದಲ್ಲಿ ತೆಳುವಾದ ಕೇಬಲ್ ಟೈ ಕಟ್ಟಿ ತೋಟದ ದಾರಿಯಲ್ಲಿ ಒಂದು ಸುತ್ತು ಓಡಿಸಿ. ಟೈ ಬಂಪ್ ಸ್ಟಾಪ್‌ವರೆಗೆ ಸರಿದು ಕೂತಿದ್ದರೆ ಸ್ಪ್ರಿಂಗೋ ಶಾಕ್ಕೋ ಸೋತಿದೆ. ಅರ್ಧದಲ್ಲೇ ನಿಂತಿದ್ದರೆ ಏನೋ ಬಿಗಿಹಿಡಿದಿದೆ.

ಬಿಗಿಹಿಡಿಯುವುದರಲ್ಲಿ ಗ್ಯಾರೇಜಿನವರೇ ತಂದಿಡುವ ತೊಂದರೆ ಒಂದಿದೆ, ಅದಕ್ಕೆ ತುಸು ಹೆಚ್ಚು ಗಮನ ಕೊಡಿ. ಚಕ್ರವನ್ನು ಛಾಸಿಗೆ ಜೋಡಿಸುವ ಕೆಳಗಿನ ತೋಳು ಲೋವರ್ ಆರ್ಮ್. ಅದರ ಬುಷ್ ಅಂದರೆ ಒಳಗೊಂದು ಹೊರಗೊಂದು ಕಬ್ಬಿಣದ ಕೊಳವೆ, ನಡುವೆ ಅಂಟಿಕೊಂಡ ರಬ್ಬರ್. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಛಾಸಿಗೆ ಕಚ್ಚಿಕೊಳ್ಳುತ್ತದೆ. ಆರ್ಮ್ ಮೇಲೆ ಕೆಳಗೆ ಆಡಿದಂತೆ ರಬ್ಬರ್ ತಿರುಚಿಕೊಳ್ಳುತ್ತದೆ. ಕಾರು ಲಿಫ್ಟ್ ಮೇಲಿದ್ದು ಚಕ್ರ ನೇತಾಡುವಾಗಲೇ ಬೋಲ್ಟ್ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲಿರುತ್ತದೆ. ಅದು ಇನ್ನೊಂದು ಸ್ಪ್ರಿಂಗಿನಂತೆ ಆರ್ಮನ್ನು ಕೆಳಗೆ ತಳ್ಳುತ್ತಲೇ ಇರುತ್ತದೆ. ಹೊಸ ಬುಷ್ ಹಾಕಿಸಿದ ದಿನದಿಂದ ಕಾರು ಗಡುಸಾಗಿ, ತುಸು ಎತ್ತರವೂ ಆಗಿದ್ದರೆ ಅನುಮಾನ ಇದರ ಮೇಲೇ ಇರಲಿ. ಹಾಗೇ ಬಿಟ್ಟರೆ ರಬ್ಬರ್ ಬೇಗ ಹರಿಯುತ್ತದೆ. ಸರಿಮಾಡಲು ಹೊಸ ಸಾಮಾನು ಬೇಕಿಲ್ಲ: ಆರ್ಮ್ ಬೋಲ್ಟ್ ಸಡಿಲಿಸಿ, ಚಕ್ರದ ಮೇಲೆ ಕಾರಿನ ಪೂರ್ತಿ ಭಾರ ಬಿಟ್ಟು, ಎರಡು ಸಲ ಒತ್ತಿ ಕುಣಿಸಿ, ಹಾಗೆಯೇ ಮ್ಯಾನುಯಲ್ ಹೇಳಿದ ಟಾರ್ಕ್‌ಗೆ (ಬಿಗಿಯುವ ಬಲದ ಅಳತೆಗೆ) ಬಿಗಿಯುವುದು. ಹಿಂದಿನ ಆಕ್ಸಲ್ ಬುಷ್‌ಗೂ ಇದೇ ಕ್ರಮ.

ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ 'ಟಣ್' ಎಂದು ಸಿಡಿದರೆ ಸ್ಟ್ರಟ್ (ಶಾಕ್, ಸ್ಪ್ರಿಂಗ್ ಒಟ್ಟಿಗೆ ಇರುವ ಮುಂದಿನ ಜೋಡಣೆ) ಮೇಲಿನ ಬೇರಿಂಗ್ ತುಕ್ಕು ಹಿಡಿದಿರಬಹುದು. ಪೆಟ್ರೋಲ್ ಕಾರಿಗೆ ಡೀಸೆಲ್ ಮಾಡೆಲ್‌ನ ಮುಂದಿನ ಸ್ಪ್ರಿಂಗ್ ಹಾಕಿದ್ದರೂ ಗಡುಸೇ, ಭಾರದ ಇಂಜಿನ್ನಿಗೆ ಮಾಡಿದ್ದು ಅದು. ಸ್ಪ್ರಿಂಗಿನ ಮೇಲಿನ ಬಣ್ಣದ ಗೆರೆಗಳನ್ನು ಪಾರ್ಟ್ ನಂಬರ್‌ಗೆ ತಾಳೆ ನೋಡಿದರೆ ತಿಳಿಯುತ್ತದೆ. ಈ ಎರಡು ಕೆಲಸಕ್ಕೂ ಸ್ಟ್ರಟ್ ಬಿಚ್ಚಬೇಕು. ಸ್ಪ್ರಿಂಗ್ ಕಂಪ್ರೆಸರ್ ಕಟ್ಟದೆ ಅದರ ನಡುವಿನ ನಟ್ ಮುಟ್ಟಲು ಯಾರಿಗೂ ಬಿಡಬೇಡಿ, ಸಿಡಿದರೆ ಪ್ರಾಣಕ್ಕೇ ಅಪಾಯ. ಬಫರ್ ಹಾಕಿಸಿ, ತೆಗೆಸಿ, ಬುಷ್ ಸಡಿಲಿಸಿ ಬಿಗಿಸಿ, ಯಾವುದೇ ಮಾಡಿಸಿದರೂ ಎರಡು ದಿನ ಓಡಿಸಿ ಕಾರು ತನ್ನ ಎತ್ತರಕ್ಕೆ ಕೂತ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.